ಕೀಮೋ ಕೊಡುವುದಕ್ಕೆ ಅಂತಲೇ ಕಲಿತ ನರ್ಸ್ ಇದ್ದರೆ ಏನು ವ್ಯತ್ಯಾಸ?

ಅತ್ತೆಗೆ ಸ್ತನ ಕ್ಯಾನ್ಸರ್, ಎರಡು ಆಸ್ಪತ್ರೆಯವರೂ ಬರೆದಿರುವ ಔಷಧ ಒಂದೇ, ದೂರದ ಆಸ್ಪತ್ರೆಯಲ್ಲಿ ಮಾತ್ರ ಕೀಮೋಗೆ ಅಂತಲೇ ತರಬೇತಿ ಪಡೆದ ನರ್ಸ್‌ಗಳಿದ್ದಾರೆ, ಅಷ್ಟಕ್ಕೆ ಅಲ್ಲಿಗೆ ಹೋಗಬೇಕಾ ಅಂತ ಕೇಳಿದ್ದೀರಿ. ನಾನು ಬೆಂಗಳೂರಿನ ಒಂದು ಕೀಮೋ ಡೇ ಕೇರ್‌ನಲ್ಲಿ ನರ್ಸ್. ಸ್ವಲ್ಪ ನಮ್ಮವರ ಪರವಾಗಿಯೇ ಮಾತಾಡುತ್ತೇನೆ, ಅದನ್ನು ಕಳೆದು ಓದಿಕೊಳ್ಳಿ.

ಡಾಕ್ಸೊರುಬಿಸಿನ್ ಅಂತ ಒಂದು ಔಷಧ ಇದೆ. ಸ್ತನ ಕ್ಯಾನ್ಸರ್‌ಗೆ ತುಂಬಾ ಬಳಸುತ್ತಾರೆ. ನೋಡೋಕೆ ಕೆಂಪಗಿರುತ್ತದೆ. ಇದು ರಕ್ತನಾಳ ಬಿಟ್ಟು ಪಕ್ಕಕ್ಕೆ ಸೋರಿದರೆ ಅಲ್ಲಿನ ಚರ್ಮ, ಮಾಂಸ ಎರಡೂ ಹಾಳಾಗುತ್ತವೆ. ಆ ಹುಣ್ಣು ಸುಲಭಕ್ಕೆ ಮಾಯುವುದಿಲ್ಲ. ಹಾಗಾಗಿ ಮೊಣಕೈ ಮಡಿಕೆಯಲ್ಲಿ ಎಷ್ಟೇ ದಪ್ಪ ರಕ್ತನಾಳ ಕಾಣಿಸಲಿ, ನಾವು ಅಲ್ಲಿ ಚುಚ್ಚುವುದಿಲ್ಲ. ಅಲ್ಲಿ ಸೋರಿದ್ದು ಬೇಗ ಗೊತ್ತಾಗಲ್ಲ. ಮುಂದೋಳಿನಲ್ಲಿ ಹುಡುಕುತ್ತೇವೆ. ನಿಧಾನ ತಳ್ಳುತ್ತಾ, ನಡುನಡುವೆ ಸಿರಿಂಜ್ ಹಿಂದಕ್ಕೆಳೆದು ರಕ್ತ ಬರುತ್ತಾ ನೋಡುತ್ತೇವೆ. "ಉರಿ ಆಗ್ತಿದೆಯಾ ಅಮ್ಮಾ?" ಅಂತ ಕೇಳುತ್ತಲೇ ಇರುತ್ತೇವೆ. ಆಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗಬಹುದು, ಅದು ರಕ್ತ ಅಲ್ಲ ಅಂತ ಮೊದಲೇ ಹೇಳಿ ಕಳಿಸುತ್ತೇವೆ. ಹೇಳದೆ ಕಳಿಸಿದರೆ ಮನೆಯವರು ಗಾಬರಿಯಾಗದೆ ಇನ್ನೇನು?

ಪ್ಯಾಕ್ಲಿಟ್ಯಾಕ್ಸೆಲ್ ಅಂತ ಇನ್ನೊಂದು ಕೀಮೋ ಔಷಧ ಇದೆ, ಅದರದ್ದು ಬೇರೆ ಕಥೆ. ಅಲರ್ಜಿ ಆಗುವುದಾದರೆ ಹೆಚ್ಚಾಗಿ ಮೊದಲ ಕೆಲವೇ ನಿಮಿಷಗಳಲ್ಲಿ. ಮುಖ ಕೆಂಪಾಗುತ್ತದೆ, ಎದೆ ಬಿಗಿಯುತ್ತದೆ. ನರ್ಸ್ ಪಕ್ಕದಲ್ಲೇ ನಿಂತಿದ್ದು ಮೊದಲು ಡ್ರಿಪ್ ನಿಲ್ಲಿಸಬೇಕು, ಡಾಕ್ಟರನ್ನು ಕರೆಯುವುದು ಆಮೇಲೆ.

ಇನ್ನೊಂದು ಕೆಲಸ ಯಾವ ಫೈಲಿನಲ್ಲೂ ಕಾಣುವುದಿಲ್ಲ. ಒಬ್ಬ ಅಜ್ಜಿ ಡಾಕ್ಟರ್ ಕೇಳಿದಾಗಲೆಲ್ಲ "ಚೆನ್ನಾಗಿದೀನಿ ಸ್ವಾಮಿ" ಅನ್ನುತ್ತಿದ್ದರು. ನಾನು ಪಟ್ಟಿ ಬಿಗಿಯುವಾಗ ಮೆಲ್ಲಗೆ, "ರವಿಕೆ ಹುಕ್ ಹಾಕ್ಕೊಳ್ಳೋಕೇ ಆಗ್ತಿಲ್ಲ ಕಣವ್ವಾ, ಸೊಸೆ ಹಾಕ್ತಾಳೆ" ಅಂದರು. ಅವರಿಗೆ ಅದು ವಯಸ್ಸಿನ ತೊಂದರೆ. ನನಗೆ, ಔಷಧ ಬೆರಳಿನ ನರಗಳಿಗೆ ಪೆಟ್ಟು ಕೊಡುತ್ತಿರುವ ಸೂಚನೆ. ಡಾಕ್ಟರಿಗೆ ಹೇಳಿದೆ, ಡೋಸ್ ಕಡಿಮೆ ಮಾಡಿದರು. ಸುಮ್ನೆ ಬಿಟ್ಟಿದ್ದರೆ ಆ ಮರಗಟ್ಟುವಿಕೆ ಕಾಯಂ ಉಳಿಯುವ ಸಾಧ್ಯತೆ ಇತ್ತು.

ಬ್ರಿಟನ್ನಿನಲ್ಲಿ 1975ರಿಂದಲೇ ಮ್ಯಾಕ್‌ಮಿಲನ್ ನರ್ಸ್‌ಗಳು ಅಂತ ಕ್ಯಾನ್ಸರ್ ರೋಗಿಗಳಿಗಾಗಿಯೇ ಇದ್ದಾರೆ. ನಮ್ಮಲ್ಲೂ ನರ್ಸಿಂಗ್ ಮುಗಿದ ಮೇಲೆ ಒಂದು ವರ್ಷದ ಆಂಕಾಲಜಿ, ಅಂದರೆ ಕ್ಯಾನ್ಸರ್ ಆರೈಕೆಯ ಡಿಪ್ಲೊಮಾ ಇದೆ. ಆದರೆ ಅದನ್ನು ಕಲಿತು ಬಂದವರನ್ನೇ ಜನ ಸಾಲದು ಅಂತ ಬೇರೆ ವಾರ್ಡಿಗೆ ಹಾಕುವ ಆಸ್ಪತ್ರೆಗಳಿವೆ. ನನಗೆ ಸಿಟ್ಟು ಬರುವುದೇ ಅಲ್ಲಿ.

ಹಾಗಂತ ಪ್ರತಿ ಸಲವೂ ಅತ್ತೆಯವರನ್ನು ದೂರ ಸುತ್ತಿಸಿ ಅನ್ನಲ್ಲ. ಪ್ರಯಾಣವೂ ಸುಸ್ತೇ ಅಲ್ವಾ. ಹತ್ತಿರದ ಆಸ್ಪತ್ರೆಗೆ ಹೋಗಿ ಕೇಳಿ: ಕೀಮೋ ಯಾರು ಹಾಕುತ್ತಾರೆ, ದಿನಾ ಅವರೇ ಹಾಕುತ್ತಾರಾ? ಔಷಧ ಸೋರಿದರೆ ಏನು ಮಾಡುತ್ತೀರಿ? ರಾತ್ರಿ ಜ್ವರ ಬಂದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಕೊನೆಯದನ್ನಂತೂ ಬಿಡಬೇಡಿ. ಕೀಮೋ ಆಗಿ ಒಂದೆರಡು ವಾರಕ್ಕೆ ಬಿಳಿ ರಕ್ತಕಣ ತುಂಬಾ ಇಳಿದಿರುತ್ತವೆ. ಆಗ ಜ್ವರ 100.4 ಡಿಗ್ರಿ ಮುಟ್ಟಿತು ಅಂದರೆ ಡೋಲೋ ಕೊಟ್ಟು ಬೆಳಗಾಗಲಿ ಅಂತ ಕಾಯುವ ಹಾಗಿಲ್ಲ, ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಬೇಕು. ಈ ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟರೆ ಹತ್ತಿರದಲ್ಲೇ ಮಾಡಿಸಿ. ಇಲ್ಲದಿದ್ದರೆ ದೂರದ್ದೇ ಆಗಲಿ.