ಅಕ್ಕನಿಗೆ ಎಂಎಸ್ ಇರಬಹುದು ಎಂದು ದಾವಣಗೆರೆಯ ಡಾಕ್ಟರು ಆ್ಯಂಟಿಬಾಡಿ ಟೆಸ್ಟ್ ಬರೆದಿದ್ದಾರೆ. ಚೀಟಿಯಲ್ಲಿ ಎಕ್ಯೂಪಿ4, ಮಾಗ್ ಎಂದು ಎರಡು ಆ್ಯಂಟಿಬಾಡಿಗಳ ಹೆಸರಿದೆ. ನೆಗೆಟಿವ್ ಬಂದರೆ ಎಂಎಸ್ ಇಲ್ಲ ಅಂತಾನಾ?

ಇಲ್ಲ, ಹೆಚ್ಚುಕಡಿಮೆ ಉಲ್ಟಾ. ಎಂಎಸ್ ಅಂದರೆ ಮಲ್ಟಿಪಲ್ ಸ್ಕ್ಲೆರೋಸಿಸ್, ದೇಹದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿಯ ನರಗಳ ಮೇಲೆ ದಾಳಿ ಮಾಡುವ ಕಾಯಿಲೆ. ಅದು ಇದೆ ಎಂದು ಖಚಿತವಾಗಿ ಹೇಳುವ ಆ್ಯಂಟಿಬಾಡಿ ರಕ್ತಪರೀಕ್ಷೆ ಇನ್ನೂ ಬಂದಿಲ್ಲ. ನೀವು ಹೇಳಿದ ಚೀಟಿಯಲ್ಲಿರುವ ಎಕ್ಯೂಪಿ4, ಮಾಗ್ ಎರಡೂ ಎಂಎಸ್‌ನಂತೆಯೇ ಕಾಣುವ ಬೇರೆ ಕಾಯಿಲೆಗಳನ್ನು ಹುಡುಕುವುದಕ್ಕೆ.

ಎಕ್ಯೂಪಿ4 ಪಾಸಿಟಿವ್ ಬಂದರೆ ಎನ್‌ಎಂಒ (ನ್ಯೂರೋಮಯಲೈಟಿಸ್ ಆಪ್ಟಿಕಾ) ಎಂಬ ಕಾಯಿಲೆಯ ಅನುಮಾನ ಗಟ್ಟಿಯಾಗುತ್ತದೆ. ಅದು ಮುಖ್ಯವಾಗಿ ಕಣ್ಣಿನ ನರ, ಬೆನ್ನುಹುರಿಗೆ ಹೊಡೆತ ಕೊಡುತ್ತದೆ. 2004ರಲ್ಲಿ ಈ ಆ್ಯಂಟಿಬಾಡಿ ಪತ್ತೆಯಾಗುವ ಮುಂಚೆ ಇಂಥ ಎಷ್ಟೋ ಜನರಿಗೆ ಎಂಎಸ್ ಎಂದೇ ಹೇಳುತ್ತಿದ್ದರು. ಹೆಸರು ಯಾವುದಾದರೇನು ಅನ್ನುವ ಹಾಗಿಲ್ಲ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೋಲಿಮಾಡ್‌ನಂಥ ಔಷಧಿಗಳು ಎನ್‌ಎಂಒವನ್ನು ಕೆರಳಿಸಬಹುದು.

ಸ್ಯಾಂಪಲ್ ಬೆಂಗಳೂರಿಗೆ ಹೋಗುವುದಾದರೆ 'ಸೆಲ್ ಬೇಸ್ಡ್ ಅಸ್ಸೇ'ನಲ್ಲಿ (ಜೀವಕೋಶಗಳನ್ನು ಬಳಸಿ ಆ್ಯಂಟಿಬಾಡಿ ಹುಡುಕುವ ವಿಧಾನ) ಮಾಡ್ತಾರಾ ಅಂತ ಲ್ಯಾಬ್‌ನಲ್ಲಿ ಮೊದಲೇ ಕೇಳಿ. ಎಲೈಸಾ ಎಂಬ ಇನ್ನೊಂದು ವಿಧಾನದಲ್ಲಿ ಸುಳ್ಳು ಪಾಸಿಟಿವ್ ಜಾಸ್ತಿ. ಸ್ಟಿರಾಯ್ಡ್ ಶುರುವಾಗುವ ಮುಂಚೆಯೇ ರಕ್ತ ತೆಗೆದರೆ ಒಳ್ಳೆಯದು. ಆದರೆ ಕಣ್ಣು ಮಂಜಾಗುತ್ತಿದ್ದರೆ ರಿಪೋರ್ಟಿಗಾಗಿ ಸುಮ್ನೆ ಕಾಯಬೇಡಿ, ಚಿಕಿತ್ಸೆ ನಡೆಯಲಿ. ಮಾಗ್ 'ವೀಕ್ ಪಾಸಿಟಿವ್' ಅಂತ ಬಂದರೆ ಗಾಬರಿ ಬೇಡ, ನಿಜವಾದ ಎಂಎಸ್ ಇರುವವರಲ್ಲೂ ಹಾಗೆ ಬರುವುದುಂಟು.

ಎರಡೂ ನೆಗೆಟಿವ್ ಆದರೆ? ಆಗ ಎಂಆರ್‌ಐ ಚಿತ್ರ, ರೋಗದ ಲಕ್ಷಣಗಳು, ಬೆನ್ನಿನಿಂದ ತೆಗೆದ ನೀರಿನಲ್ಲಿ ಆಲಿಗೋಕ್ಲೋನಲ್ ಬ್ಯಾಂಡ್ (ಪರೀಕ್ಷೆಯಲ್ಲಿ ಕಾಣುವ ಆ್ಯಂಟಿಬಾಡಿಗಳ ಗೆರೆಗಳು) ಇದೆಯಾ ಎಂಬುದು, ಇಷ್ಟನ್ನೂ ಸೇರಿಸಿ ನರರೋಗ ತಜ್ಞರು ತೀರ್ಮಾನಿಸುತ್ತಾರೆ. ಬ್ಯಾಂಡ್ ಪರೀಕ್ಷೆಗೆ ಆ ನೀರಿನ ಜೊತೆ ರಕ್ತವನ್ನೂ ಕಳಿಸಬೇಕು, ಮರೆಯಬೇಡಿ.