ಮಾತು ಮುರಿದವರು ಯಾರು ಅಂತ ಮೊದಲು ಕೇಳಿ

(ಬೆಟಗೇರಿಯ ಯುವ ಲೇಖಕಿಯೊಬ್ಬರು ಕ್ರೈಸ್ತ ಮದುವೆ, ವಿಚ್ಛೇದನ ಮತ್ತು ಕೊಟ್ಟ ಮಾತು ಉಳಿಸಿಕೊಳ್ಳುವುದರ ಬಗ್ಗೆ ಲೇಖನ ಕಳಿಸಿದ್ದರು. ಅವರಿಗೆ ಬರೆದ ಉತ್ತರ ಇದು.)

ಪ್ರಿಯ ಸಹೋದರಿ,

ನಿಮ್ಮ ಲೇಖನವನ್ನು ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಮತ್ತೆ ಕಳಿಸಿ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಎರಡು ಪುಟ ತೆಗೆದುಬಿಡಿ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ನಿಮ್ಮ ಬೆಟಗೇರಿಗೆ ಬಂದರು ಅನ್ನುವುದೆಲ್ಲ ಸರಿ ಇದೆ. ಆದರೆ ನೀವು ಹೇಳಹೊರಟ ವಿಷಯಕ್ಕೆ ಅದು ಬೇಕಿಲ್ಲ.

ನಿಮ್ಮ ಬರವಣಿಗೆ ನಿಜವಾಗಿ ಶುರುವಾಗುವುದು ಮೂರನೇ ಪುಟದಲ್ಲಿ. ದೊಡ್ಡಮ್ಮನಿಗೆ ಲಕ್ವಾ ಹೊಡೆದಿದೆ. ದೊಡ್ಡಪ್ಪ ಮಗ್ಗದಿಂದ ಎದ್ದು ಬಂದು ಗಂಜಿ ಕುಡಿಸುತ್ತಾರೆ. ಪ್ರತಿ ಸಲವೂ ಚಮಚದ ತಳವನ್ನು ಬಟ್ಟಲಿನ ಅಂಚಿಗೆ ಒರೆಸುತ್ತಾರೆ, ಆಕೆಯ ಕುತ್ತಿಗೆ ಮೇಲೆ ಬಿಸಿ ಹನಿ ಬೀಳಬಾರದು ಅಂತ. ಇದನ್ನು ನೋಡಿ ಬರೆದಿದ್ದೀರಿ, ಕೇಳಿ ಬರೆದದ್ದಲ್ಲ. ರೋಗದಲ್ಲಿಯೂ ಆರೋಗ್ಯದಲ್ಲಿಯೂ ಜೊತೆಗಿರುತ್ತೇನೆ ಅಂತ ಮದುವೆ ದಿನ ಚರ್ಚಿನ ಸಭೆಯ ಮುಂದೆ ಆಡಿದ ಮಾತು ಮನೆಯೊಳಗೆ ಹೇಗಿರುತ್ತದೆ ಅಂತ ಓದುಗರಿಗೆ ಇಷ್ಟರಲ್ಲೇ ಗೊತ್ತಾಗುತ್ತದೆ. ಅದರ ಬೆನ್ನಿಗೇ ನೀವು ಸಾಲಾಗಿ ಬೈಬಲ್ ವಚನಗಳನ್ನು ಹಾಕಿದ್ದೀರಿ. ಅವು ಬೇಡ. ದೊಡ್ಡಪ್ಪನ ಬಗ್ಗೆ ಇನ್ನಷ್ಟು ಬರೆಯಿರಿ. ಅವರು ಸಿಟ್ಟಾದ ದಿನಗಳೂ ಇರುತ್ತವೆ ಅಲ್ವಾ? ಅವನ್ನೂ ಬರೆಯಿರಿ.

ಈಗ ನನಗೆ ನೋವಾದ ಜಾಗಕ್ಕೆ ಬರುತ್ತೇನೆ. ನಿಮ್ಮ ಓಣಿಯ ಅಕ್ಕನ ಕಥೆ. ಗಂಡ ಕುಡಿದು ಹೊಡೆಯುತ್ತಿದ್ದ, ಕೊನೆಗೆ ಇನ್ನೊಬ್ಬಳ ಜೊತೆ ಸಂಸಾರ ಹೂಡಿದ ಅಂತ ನೀವೇ ಬರೆದಿದ್ದೀರಿ. ಮುಂದಿನ ಸಾಲಿನಲ್ಲೇ, "ಕೋರ್ಟಿನ ಮೆಟ್ಟಿಲು ಹತ್ತಿದ ದಿನ ಆಕೆ ದೇವರಿಗೆ ಕೊಟ್ಟ ಮಾತು ಮುರಿದಳು" ಅಂದಿದ್ದೀರಿ. ಆಕೆ ಮುರಿದಳಾ? ಮಾತು ಕೊಟ್ಟವರು ಇಬ್ಬರು. ಅವನು ಮೊದಲ ಸಲ ಕೈ ಎತ್ತಿದ ದಿನವೇ ಅದು ಮುರಿದಿತ್ತು. ಆಕೆ ಕೋರ್ಟಿಗೆ ಹೋಗಿ ಆಗಿಹೋದದ್ದನ್ನು ಹೇಳಿದಳು, ಅಷ್ಟೇ. ನಿಮ್ಮ ಲೇಖನದಲ್ಲಿ ಗಂಡನಿಗೆ ಎರಡೇ ಸಾಲು, ಆಕೆಯ ತಪ್ಪಿಗೆ ಒಂದೂವರೆ ಪುಟ!

"ದೇವರು ಕೂಡಿಸಿದ್ದನ್ನು ಮನುಷ್ಯರು ಅಗಲಿಸಬಾರದು" ಅನ್ನುವ ಯೇಸುವಿನ ಮಾತನ್ನು ಮತ್ತಾಯನ ಸುವಾರ್ತೆಯಿಂದ (19:6) ಕೊಟ್ಟು ನಿಲ್ಲಿಸಿದ್ದೀರಿ. ಮೂರನೇ ವಚನದಿಂದ ಓದಿ. ಫರಿಸಾಯರು, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯರ ಗುಂಪಿನವರು, ಕೇಳಿದ್ದು, ಗಂಡ ಯಾವುದೇ ಕಾರಣಕ್ಕೆ ಹೆಂಡತಿಯನ್ನು ಬಿಡಬಹುದಾ ಅಂತ. ಆಗ ಬಿಡುವ ಅಧಿಕಾರ ಗಂಡಸಿನ ಕೈಯಲ್ಲಿತ್ತು. ಒಂದು ತ್ಯಾಗಪತ್ರ ಬರೆದುಕೊಟ್ಟರೆ ಮುಗಿಯಿತು. ಅಡುಗೆ ಕೆಡಿಸಿದರೂ ಬಿಡಬಹುದು ಅನ್ನುವ ಯೆಹೂದ್ಯ ಗುರು ಹಿಲ್ಲೇಲನ ಪಂಥ ಒಂದು ಕಡೆ, ಹಾಗೆಲ್ಲ ಆಗದು ಅನ್ನುವ ಇನ್ನೊಬ್ಬ ಗುರು ಶಮ್ಮಾಯನ ಪಂಥ ಇನ್ನೊಂದು ಕಡೆ. ಯೇಸು ಹೇಳಿದ್ದು ಬೀದಿಪಾಲಾಗುವ ಹೆಣ್ಣುಮಕ್ಕಳ ಪರವಾಗಿಯೂ ಹೌದು ಅಂತ ನಾನು ನಂಬುತ್ತೇನೆ. ಹಳೆಯ ಒಡಂಬಡಿಕೆಯಲ್ಲಿ ಪ್ರವಾದಿ ಮಲಾಕಿಯನ ಪುಸ್ತಕದ ಎರಡನೇ ಅಧ್ಯಾಯವನ್ನೂ ನೋಡಿ. ಆ ಪ್ರವಾದಿ ಬೈಯುವುದು ಯೌವನದಲ್ಲಿ ಕೈಹಿಡಿದ ಹೆಂಡತಿಗೆ ದ್ರೋಹ ಮಾಡಿದ ಗಂಡಸರನ್ನು.

"ಎಲ್ಲ ಕ್ರೈಸ್ತ ಸಭೆಗಳೂ ಒಂದೇ ಮಾತು ಹೇಳುತ್ತವೆ" ಅನ್ನುವುದೂ ತಪ್ಪು. ಬಿಡಬಾರದು ಅನ್ನುವ ಮಾತಿಗೆ ಮತ್ತಾಯನ ಸುವಾರ್ತೆ ವ್ಯಭಿಚಾರದ ಕಾರಣಕ್ಕೆ ವಿನಾಯಿತಿ ಕೊಡುತ್ತದೆ, ಮಾರ್ಕ ಮತ್ತು ಲೂಕರ ಸುವಾರ್ತೆಗಳು ಆ ವಿನಾಯಿತಿ ಹೇಳುವುದಿಲ್ಲ. ಕ್ರಿಸ್ತನನ್ನು ನಂಬದ ಸಂಗಾತಿ ತಾನಾಗಿ ಬಿಟ್ಟುಹೋದರೆ ಹೋಗಲಿ, ಉಳಿದವರು ಬದ್ಧರಲ್ಲ ಅಂತ ಅಪೊಸ್ತಲ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ (7:15) ಬರೆಯುತ್ತಾನೆ. ಪ್ರೊಟೆಸ್ಟಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ವ್ಯಭಿಚಾರ ಮತ್ತು ಬಿಟ್ಟುಹೋಗುವುದು ಎರಡನ್ನೂ ಕಾರಣ ಅಂತ ಒಪ್ಪಿದರು. ಕ್ಯಾಥೋಲಿಕ್ ಸಭೆ ಸರಿಯಾಗಿ ನಡೆದ ಮದುವೆಯ ಬಂಧ ಸಾಯುವ ತನಕ ಅನ್ನುತ್ತದೆ. ಆದರೆ ಜೀವಕ್ಕೆ ಅಪಾಯವಿದ್ದರೆ ಬೇರೆ ಇರಲು ಅಲ್ಲಿಯೂ ಅವಕಾಶವಿದೆ. ಅಲ್ಲಿಯ ಸಭಾ ನ್ಯಾಯಮಂಡಳಿ ಮದುವೆ ರದ್ದು ಮಾಡಿದರೆ ಸಾಕು ಅಂತ ಬರೆದಿದ್ದೀರಿ. ಸಾಲದು. ಅದಕ್ಕೆ ಕಾನೂನಿನ ಬೆಲೆ ಇಲ್ಲ ಅಂತ ಸುಪ್ರೀಂ ಕೋರ್ಟ್ 2017ರಲ್ಲೂ ಹೇಳಿದೆ.

"ಕಾನೂನು ಹೆಂಗಸರಿಗೆ ಮೊದಲಿನಿಂದಲೂ ಸಲೀಸು ಮಾಡಿಕೊಟ್ಟಿದೆ" ಅನ್ನುವ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಕ್ರೈಸ್ತರ ವಿಚ್ಛೇದನದ ಕಾನೂನು 1869ರದು. 2001ರ ತಿದ್ದುಪಡಿ ಬರುವ ತನಕ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಗೆ ಗಂಡನ ಬರೀ ವ್ಯಭಿಚಾರ ಸಾಲುತ್ತಿರಲಿಲ್ಲ. ಜೊತೆಗೆ ಅವನ ಕ್ರೌರ್ಯವನ್ನೋ, ಎರಡು ವರ್ಷ ಬಿಟ್ಟುಹೋದದ್ದನ್ನೋ ತೋರಿಸಬೇಕಿತ್ತು.

ಹಾಗಂತ ವಿಚ್ಛೇದನ ಹಗುರ ವಿಷಯ ಅಂತ ಬರೆಯಿರಿ ಅನ್ನುತ್ತಿಲ್ಲ. ಮಾತು ಉಳಿಸಿಕೊಳ್ಳುವುದು ದೊಡ್ಡದು ಅನ್ನುವ ನಿಮ್ಮ ನಂಬಿಕೆ ನನ್ನದೂ ಹೌದು. ನೀವು ಕೊಟ್ಟ ಬೈಬಲಿನ 15ನೇ ಕೀರ್ತನೆಯಲ್ಲಿ ನಷ್ಟವಾದರೂ ಮಾತು ತಪ್ಪದವನ ಪ್ರಸ್ತಾಪವಿದೆ. ಅದು ತನ್ನ ನಷ್ಟ ತಾನು ಹೊರುವವನ ಮಾತು. ಅದನ್ನು ಇನ್ನೊಬ್ಬರ ಬೆನ್ನಿಗೆ ಹೊರಿಸಬೇಡಿ.

ಒಂದು ಪ್ರಶ್ನೆಯನ್ನು ನೀವು ಕೇಳಿಯೇ ಇಲ್ಲ. ಆ ಅಕ್ಕನ ಮದುವೆಗೆ ಮುಂಚೆ ಭಾನುವಾರದ ಆರಾಧನೆಯಲ್ಲಿ ಮದುವೆಯ ಪ್ರಕಟಣೆ ಓದಿರುತ್ತಾರೆ. ಯಾರಿಗಾದರೂ ತಕರಾರಿದೆಯಾ ಅಂತ ಕೇಳಿರುತ್ತಾರೆ. ಮದುವೆ ದಿನ ಸಭೆಯೇ ಸಾಕ್ಷಿ. ಆಕೆ ಏಟು ತಿನ್ನುತ್ತಿದ್ದಾಗ ಆ ಸಾಕ್ಷಿಗಳೆಲ್ಲ ಎಲ್ಲಿದ್ದರು? ಸಭಾಪಾಲಕರು ಆ ಮನೆಗೆ ಹೋಗಿದ್ದರಾ? ಹಿರಿಯರು ಗಂಡನನ್ನು ಕೂರಿಸಿ ಕೇಳಿದ್ದರಾ? ಹೋಗಿ ವಿಚಾರಿಸಿ, ಆಕೆಯ ಬಾಯಿಂದಲೂ ಕೇಳಿ. ನಿಮ್ಮ ಲೇಖನದ ಅರ್ಧ ಭಾಗ ಅಲ್ಲಿದೆ.

ಬರೆಯುವ ಮುಂಚೆ ಆಕೆಯ ಒಪ್ಪಿಗೆ ಪಡೆಯಿರಿ. ಓಣಿ, ಕೆಲಸ, ಮಕ್ಕಳ ವಿವರ ಬದಲಿಸಿ, ಇಲ್ಲದಿದ್ದರೆ ಬೆಟಗೇರಿಯಲ್ಲಿ ಜನ ಸುಮ್ನೆ ಗುರುತು ಹಿಡಿದುಬಿಡುತ್ತಾರೆ. ಆಕೆ ಬೇಡ ಅಂದರೆ ಆ ಭಾಗ ಬಿಟ್ಟು ದೊಡ್ಡಪ್ಪನ ಬಗ್ಗೆ ಮಾತ್ರ ಬರೆದು ಕಳಿಸಿ, ಅದನ್ನೂ ಓದುತ್ತೇನೆ.

ಇಂತಿ,
ಸಂಪಾದಕ