ಮೆಟ್ಟುಗತ್ತಿ ಕೈಗೆ ಕೊಡಬಹುದಾ ಡಾಕ್ಟ್ರೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಮನೆ. ನನ್ನ ಮೈದುನನಿಗೆ 31 ವರ್ಷ. ನಾಲ್ಕು ವರ್ಷದ ಹಿಂದೆ ಅವನಿಗೆ ಸ್ಕಿಜೋಫ್ರೇನಿಯಾ ಅಂತ ಹೇಳಿದರು. ಆಗ ಎಲ್ಲರೂ ತನ್ನ ಬಗ್ಗೆ ಪಿಸುಗುಡುತ್ತಾರೆ, ತನ್ನಿಂದ ಏನೋ ಮುಚ್ಚಿಡುತ್ತಾರೆ ಅಂತಿದ್ದ. ಮಾತ್ರೆ ಶುರುವಾದ ಮೇಲೆ ಹುಷಾರಾಗಿದ್ದಾನೆ. ತೋಟದ ಕೆಲಸ ಮಾಡುತ್ತಾನೆ, ಡೈರಿಗೆ ಹಾಲು ಹಾಕಿ ಬರುತ್ತಾನೆ. ಯಾವತ್ತೂ ಯಾರ ಮೇಲೂ ಕೈ ಎತ್ತಿದವನಲ್ಲ. ಪಿಯುಸಿ ಓದುವ ನನ್ನ ಮಗ ರಜೆಯಲ್ಲಿ ಮೊಬೈಲಿನಲ್ಲಿ ‘ಮೈಂಡ್‌ಹಂಟರ್’ ಅನ್ನೋ ಧಾರಾವಾಹಿ ನೋಡಿದ. ಸರಣಿ ಕೊಲೆಗಾರರ ಕಥೆ. ಮನೆಯವರಿಗೆಲ್ಲ ಹೇಳಿದ. ಅವತ್ತಿನಿಂದ ಚಿಕ್ಕಪ್ಪನ ಕೋಣೆಯಲ್ಲಿ ಮಲಗಲ್ಲ ಅಂತಾನೆ. ಅತ್ತೆ ರಾತ್ರಿ ಕತ್ತಿಗಳನ್ನೆಲ್ಲ ಅಕ್ಕಿ ಡಬ್ಬದ ಹಿಂದೆ ಬಚ್ಚಿಡುತ್ತಾರೆ. ಮೊದಲ ಕೊಯ್ಲಿನಲ್ಲಿ ಎಲ್ಲರೂ ಅಡಿಕೆ ಸುಲಿಯೋಕೆ ಕೂತಾಗ ಅವನಿಗೆ ಮಾತ್ರ ಮೆಟ್ಟುಗತ್ತಿ ಕೊಡಲಿಲ್ಲ. ಸಿಪ್ಪೆ ಹೊರೋಕೆ ಹೇಳಿದೆವು. ಅವನು ಏನೂ ಕೇಳಲಿಲ್ಲ. ನಾವು ಮಾಡಿದ್ದು ಸರಿಯಾ? ತಲೆ ಕೆಟ್ಟವರು ಕೊಲೆ ಮಾಡಿದರೆ ಶಿಕ್ಷೆಯೂ ಇಲ್ಲ ಅಂತಾನೆ ಮಗ. ಹೌದಾ?

ಉತ್ತರ (ಮನೋವೈದ್ಯರು, ಶಿವಮೊಗ್ಗ): ‘ಅವನು ಏನೂ ಕೇಳಲಿಲ್ಲ’ ಅಂತ ಬರೆದಿದ್ದೀರಿ. ಪತ್ರದಲ್ಲಿ ನನಗೆ ಜಾಸ್ತಿ ಸಂಕಟ ಆಗಿದ್ದು ಅಲ್ಲಿ. ಕೇಳದಿದ್ದರೇನು, ಅವರಿಗೆ ಗೊತ್ತಾಗಿರುತ್ತದೆ. ನಾಲ್ಕು ವರ್ಷದ ಹಿಂದೆ ಕಾಯಿಲೆ ಅವರ ಕಿವಿಯಲ್ಲಿ ಏನು ಹೇಳುತ್ತಿತ್ತು? ಜನ ಪಿಸುಗುಡುತ್ತಾರೆ, ಮುಚ್ಚಿಡುತ್ತಾರೆ ಅಂತ. ಅದು ಸುಳ್ಳು ಅಂತ ಮಾತ್ರೆ ಕೊಟ್ಟು, ಮಾತಾಡಿಸಿ, ಕಷ್ಟಪಟ್ಟು ಅವರನ್ನು ಈಚೆ ತಂದಿದ್ದೀರಿ. ಈಗ ಮನೆಯವರೇ ಪಿಸುಗುಡುತ್ತಿದ್ದೀರಿ, ಮನೆಯವರೇ ಬಚ್ಚಿಡುತ್ತಿದ್ದೀರಿ. ಕಾಯಿಲೆ ಹೇಳಿದ ಸುಳ್ಳನ್ನು ನಾವೇ ನಿಜ ಮಾಡಿ ತೋರಿಸಿದ ಹಾಗಾಯ್ತು ಅಲ್ವಾ? ನಿಮ್ಮನ್ನು ಬೈಯಬೇಕು ಅಂತ ಈ ಮಾತು ಹೇಳ್ತಿಲ್ಲ. ಹೆದರಿದ ಮನೆಯಲ್ಲಿ ಹೀಗೇ ಆಗುತ್ತದೆ. ಆದರೆ ನಿಮ್ಮ ಮೈದುನ ಏನೋ ಮಾಡಿದರು ಅಂತ ಈ ಹೆದರಿಕೆ ಹುಟ್ಟಿಲ್ಲ. ಮೊಬೈಲಿನಿಂದ ಇಳಿದು ಬಂದಿದೆ.

ಗೊಂದಲಕ್ಕೆಲ್ಲ ಮೂಲ ‘ಸೈಕೋ’ ಅನ್ನೋ ಒಂದು ಪದ. ಸೈಕೋಸಿಸ್ ಬೇರೆ, ಸೈಕೋಪಾತ್ ಬೇರೆ. ಸೈಕೋಸಿಸ್ ಅಂದರೆ ಇಲ್ಲದ ದನಿ ಕೇಳುವುದು, ಆಧಾರ ಇಲ್ಲದ ಅನುಮಾನ ಗಟ್ಟಿಯಾಗಿ ಕೂರುವುದು. ಸ್ಕಿಜೋಫ್ರೇನಿಯಾ ಈ ಗುಂಪಿನದು. ಹೆಚ್ಚುಕಡಿಮೆ ನೂರರಲ್ಲಿ ಒಬ್ಬರಿಗೆ ಜೀವನದಲ್ಲಿ ಬರಬಹುದಾದ ಕಾಯಿಲೆ. ಬಹಳಷ್ಟು ಜನರಲ್ಲಿ ಮಾತ್ರೆಗೆ ತಗ್ಗುತ್ತದೆ. ಸೈಕೋಪಾತ್‌ಗೆ ದನಿ ಕೇಳಲ್ಲ, ಭ್ರಮೆ ಇಲ್ಲ. ಯಾವುದು ನಿಜ, ಯಾವುದು ಸುಳ್ಳು ಅಂತ ಚೆನ್ನಾಗಿ ಗೊತ್ತು. ಇನ್ನೊಬ್ಬರ ನೋವು ತಟ್ಟುವುದಿಲ್ಲ, ಅಷ್ಟೇ. ಅಂಥವರೂ ಎಲ್ಲರೂ ಕೊಲೆಗಾರರಾಗುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಹಿಂದೆ ಚೌಡಿ ಕಾಟ ಅಂತಿದ್ದರು, ಮಾಟ ಅಂತಿದ್ದರು. ಅದರಿಂದ ಚಿಕಿತ್ಸೆ ತಡವಾಗುತ್ತಿತ್ತು, ನಿಜ. ಆದರೂ ಆ ಮಾತಿನಲ್ಲಿ ‘ಪಾಪ, ಅವನ ತಪ್ಪೇನಿದೆ’ ಅನ್ನೋ ಕನಿಕರ ಇತ್ತು. ಸೈಕೋ ಅನ್ನೋ ಪದದಲ್ಲಿ ಅದೂ ಇಲ್ಲ.

ಇನ್ನು ನಿಮ್ಮ ಮಗ ನೋಡಿದ ಧಾರಾವಾಹಿ. 2017 ಮತ್ತು 2019ರಲ್ಲಿ ಎರಡು ಸೀಸನ್ ಬಂತು. ಅಮೆರಿಕದ ಎಫ್‌ಬಿಐ ಅಧಿಕಾರಿಗಳು ಜೈಲಿಗೆ ಹೋಗಿ ಕೊಲೆಗಾರರನ್ನು ಮಾತಾಡಿಸಿದ ಕಥೆ ಅದು. ಅದರಲ್ಲಿ ಬರುವ ಹಲವರು ನಿಜವಾಗಿ ಇದ್ದವರೇ. ಡೇವಿಡ್ ಬರ್ಕೋವಿಟ್ಜ್‌ನನ್ನು ತಗೊಳ್ಳಿ. ನ್ಯೂಯಾರ್ಕಿನಲ್ಲಿ ಗುಂಡು ಹಾರಿಸಿ ಆರು ಜನರನ್ನು ಕೊಂದವನು. 1977ರಲ್ಲಿ ಸಿಕ್ಕಿಬಿದ್ದಾಗ, ಪಕ್ಕದ ಮನೆ ನಾಯಿಯೊಳಗಿನ ದೆವ್ವ ಹೇಳಿತು ಅದಕ್ಕೇ ಕೊಂದೆ ಅಂದ. ಆ ನಾಯಿಯ ಕಥೆ ಜಗತ್ತೆಲ್ಲ ಸುತ್ತಿತು. ಎರಡು ವರ್ಷ ಬಿಟ್ಟು, ಅದೆಲ್ಲ ತಾನೇ ಕಟ್ಟಿದ್ದು ಅಂತ ಅವನೇ ಒಪ್ಪಿಕೊಂಡ. ಎರಡನೇ ಸೀಸನ್‌ನಲ್ಲಿ ಆ ಮಾತುಕತೆ ಇದೆ. ನಿಮ್ಮ ಮಗನಿಗೆ ಆ ಭಾಗ ಇನ್ನೊಮ್ಮೆ ನೆನಪು ಮಾಡಿಕೊಳ್ಳೋಕೆ ಹೇಳಿ.

ಅದೇ ಧಾರಾವಾಹಿಯಲ್ಲಿ ಬರುವ ಇನ್ನೊಬ್ಬ ಕೊಲೆಗಾರ ಎಡ್ ಕೆಂಪರ್ ವಿಷಯ ಸ್ವಲ್ಪ ಕಗ್ಗಂಟು. 1964ರಲ್ಲಿ, 15ನೇ ವಯಸ್ಸಿಗೆ ಅಜ್ಜ ಅಜ್ಜಿಯನ್ನು ಕೊಂದಾಗ ಅವನಿಗೆ ಸ್ಕಿಜೋಫ್ರೇನಿಯಾ ಅಂತ ಕೋರ್ಟಿನ ವೈದ್ಯರು ಬರೆದರು. ಕಳಿಸಿಕೊಟ್ಟ ಆಸ್ಪತ್ರೆಯ ವೈದ್ಯರು ಅದನ್ನು ಒಪ್ಪಲಿಲ್ಲ. 1969ರಲ್ಲಿ ಬಿಡುಗಡೆಯಾದ. ಆಮೇಲೆ ಇನ್ನೂ ಎಂಟು ಜನರನ್ನು ಕೊಂದ. 1973ರಲ್ಲಿ ತಾನು ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲ ಅಂತ ವಾದಿಸಿದ. ಕೋರ್ಟು ನಂಬಲಿಲ್ಲ. ಎಲ್ಲ ಕೊಲೆಗಳಲ್ಲೂ ಅಪರಾಧಿ ಅಂದಿತು.

ಅಷ್ಟು ದೂರ ಯಾಕೆ, ಘಟ್ಟ ಇಳಿದರೆ ಸಯನೈಡ್ ಮೋಹನನ ಪ್ರಕರಣ ಇದೆ. ಅವನು ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದವನು. 2009ರಲ್ಲಿ ಬಂಧನ. 20 ಮಹಿಳೆಯರ ಕೊಲೆ ಪ್ರಕರಣಗಳಲ್ಲಿ ವಿಚಾರಣೆ ನಡೆಯಿತು. ಒಬ್ಬೊಬ್ಬರ ಹತ್ತಿರ ಒಂದೊಂದು ಹೆಸರು ಹೇಳಿ, ಮದುವೆಯ ಆಸೆ ಹುಟ್ಟಿಸಿ, ಒಡವೆ ಹಾಕಿಕೊಂಡು ಬರಲು ಹೇಳಿ, ಮಾತ್ರೆ ಅಂತ ವಿಷ ಕೊಡುತ್ತಿದ್ದ. ಇಷ್ಟೆಲ್ಲ ಲೆಕ್ಕ ಹಾಕಿ, ಹೆಸರು ಬದಲಿಸಿ, ವರ್ಷಗಟ್ಟಲೆ ಸಿಕ್ಕಿಬೀಳದೆ ಇರೋಕೆ ತಲೆ ನೆಟ್ಟಗಿರಬೇಕು. ಸೈಕೋಸಿಸ್ ಜೋರಾಗಿದ್ದಾಗ ಆ ಬುದ್ಧಿಯೇ ಕದಡಿರುತ್ತದೆ. ಸ್ನಾನ ಮಾಡೋದು, ಹೊತ್ತಿಗೆ ಸರಿಯಾಗಿ ಊಟ ಮಾಡೋದು ಕೂಡ ಕಷ್ಟ. ನಿಮ್ಮ ಮೈದುನ ಆಗ ಹೇಗಿದ್ದರು ಅಂತ ನೆನಪಿಸಿಕೊಳ್ಳಿ, ನಿಮಗೇ ಗೊತ್ತಾಗುತ್ತದೆ.

ಒಂದು ವಿಷಯ ಮುಚ್ಚಿಡಬಾರದು. ಸ್ಕಿಜೋಫ್ರೇನಿಯಾ ಇರುವವರಿಂದ ಹಿಂಸೆ ಆಗುವುದೇ ಇಲ್ಲ ಅಂತಲ್ಲ. ಮಾತ್ರೆ ಬಿಟ್ಟಾಗ, ಅದರ ಮೇಲೆ ಹೆಂಡ ಅಥವಾ ಗಾಂಜಾ ಸೇರಿದಾಗ ಅಪಾಯ ಜಾಸ್ತಿ. ಆಗಲೂ ಅದು ಗಾಬರಿಯಲ್ಲಿ, ತನ್ನನ್ನು ಉಳಿಸಿಕೊಳ್ಳಬೇಕು ಅನ್ನೋ ಭ್ರಮೆಯಲ್ಲಿ ಆಗುವುದೇ ಹೆಚ್ಚು. ಸರಣಿ ಕೊಲೆಗೂ ಅದಕ್ಕೂ ಸಂಬಂಧ ಇಲ್ಲ. ಕಾಯಿಲೆ ಇರುವವರು ಬೇರೆಯವರಿಗೆ ಹೊಡೆಯುವುದಕ್ಕಿಂತ ತಾವೇ ಏಟು ತಿನ್ನುವುದು, ಮೋಸ ಹೋಗುವುದು ಜಾಸ್ತಿ. ಇನ್ನೊಂದು ಮಾತು, ಇದನ್ನು ಮನೆಯವರು ತಿಳಿದಿರಲೇಬೇಕು: ಸುಮಾರು 20ರಲ್ಲಿ ಒಬ್ಬರು ತಮ್ಮ ಜೀವ ತಾವೇ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಒಂಟಿಯಾದೆ, ಯಾರಿಗೂ ಬೇಡವಾದೆ ಅಂತ ಅನ್ನಿಸುವುದು ಅವರಿಗೆ ಒಳ್ಳೆಯದಲ್ಲ. ಹಾಗಾಗಿಯೇ ಆ ಸಿಪ್ಪೆ ಹೊರುವ ಕೆಲಸ ನನಗೆ ಚಿಂತೆ ತಂದಿದ್ದು.

ಶಿಕ್ಷೆಯ ಬಗ್ಗೆ ಕೇಳಿದ್ದೀರಿ. ಅದಕ್ಕೆ ಹಿಂದೆ ಐಪಿಸಿಯ (ಭಾರತೀಯ ದಂಡ ಸಂಹಿತೆ) 84ನೇ ಕಲಂ ಇತ್ತು. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ. ಕಾಯಿಲೆಯ ಚೀಟಿ ಇದ್ದರೆ ಸಾಲದು. ಆ ಕೃತ್ಯ ಮಾಡಿದ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆ ಅಂತಲೋ, ಅದು ತಪ್ಪು ಅಂತಲೋ ತಿಳಿಯುವ ಶಕ್ತಿಯೇ ಕಾಯಿಲೆಯಿಂದ ಇರಲಿಲ್ಲ ಅಂತ ಆರೋಪಿಯ ಕಡೆಯವರು ತೋರಿಸಬೇಕು. ತೋರಿಸಿದರೂ ನೇರ ಮನೆಗೆ ಕಳಿಸಿಬಿಡುವುದಿಲ್ಲ.

ಈಗ ಮನೆಯ ಮಾತಿಗೆ ಬರೋಣ. ರಾತ್ರಿ ನಿದ್ದೆ ಬಿಟ್ಟಿದ್ದಾರಾ? ಮಾತ್ರೆ ಹಾಗೇ ಉಳಿದಿದೆಯಾ? ಒಬ್ಬರೇ ಮಾತಾಡುತ್ತಾರಾ? ಟಿವಿಯವರು ನನ್ನ ಬಗ್ಗೆಯೇ ಹೇಳುತ್ತಿದ್ದಾರೆ ಅನ್ನುತ್ತಾರಾ? ಈ ನಾಲ್ಕರಲ್ಲಿ ಯಾವುದು ಕಂಡರೂ ಮುಂದಿನ ತಿಂಗಳಿನ ತಾರೀಕು ಕಾಯಬೇಡಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಇಂಥವರನ್ನು ಹೊಡಿ ಅಂತ ದನಿ ಹೇಳುತ್ತಿದೆ ಅಂದರೆ, ಸಾಯಬೇಕು ಅನ್ನಿಸುತ್ತದೆ ಅಂದರೆ, ಅವತ್ತೇ ಹೊರಡಿ. ಕತ್ತಿ, ತೋಟಕ್ಕೆ ಹೊಡೆಯುವ ಔಷಧಿ ಆಗ ಎತ್ತಿಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮಾನಸಿಕ ವಿಭಾಗ ಇದೆ. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನೀವು ಬರೆದದ್ದು ನೋಡಿದರೆ ಇಂಥದ್ದೇನೂ ಇಲ್ಲ.

ನಿಮ್ಮ ಪಕ್ಕದ ತೀರ್ಥಹಳ್ಳಿ ತಾಲ್ಲೂಕಿನಲ್ಲೇ 2005ರಿಂದ ನಿಮ್ಹಾನ್ಸ್‌ನವರು ಇದೇ ಕಾಯಿಲೆಯವರನ್ನು ಹಳ್ಳಿ ಹಳ್ಳಿಯಲ್ಲಿ ಹುಡುಕಿ, ಹತ್ತಿರದ ಆರೋಗ್ಯ ಕೇಂದ್ರಗಳಲ್ಲೇ ಚಿಕಿತ್ಸೆ ಕೊಡುವ ಕೆಲಸ ಮಾಡಿದ್ದಾರೆ. ಮೂಲೆ ಸೇರಿದ್ದ ಅನೇಕರು ಗದ್ದೆಗೆ, ತೋಟಕ್ಕೆ, ಕೂಲಿಗೆ ಮರಳಿದರು. ಕೆಲಸ ಅನ್ನೋದು ಈ ಕಾಯಿಲೆಯಲ್ಲಿ ಮಾತ್ರೆಯ ಜೊತೆಗಿನ ಇನ್ನೊಂದು ಮದ್ದು. ನಿಮ್ಮ ಮೈದುನನಿಗೆ ಸುಲಿಯುವ ಕೈಗೆಲಸ ಬರುತ್ತದೆ. ಆ ಮದ್ದನ್ನು ತಪ್ಪಿಸಬೇಡಿ.

ಮೆಟ್ಟುಗತ್ತಿ ಕೊಡೋಕೆ ಮುಂಚೆ ಒಂದೇ ಒಂದು ಪರೀಕ್ಷೆ. ಎರಡೂ ಕೈ ಮುಂದೆ ಚಾಚೋಕೆ ಹೇಳಿ. ಈ ಮಾತ್ರೆಗಳಿಂದ ಕೆಲವರಿಗೆ ಕೈ ನಡುಗುತ್ತದೆ, ಬೆಳಿಗ್ಗೆ ತೂಕಡಿಕೆ ಇರುತ್ತದೆ. ಮಣೆ ಮೆಟ್ಟಿಕೊಂಡು ಎರಡೂ ಕೈಯಲ್ಲಿ ಅಡಿಕೆ ಹಿಡಿದು ಅಲಗಿಗೆ ಒತ್ತುವಾಗ ಕೈ ನಡುಗಿದರೆ ಅವರ ಬೆರಳಿಗೇ ಪೆಟ್ಟು. ನಡುಕ ಇದ್ದರೆ ಡಾಕ್ಟರಿಗೆ ಹೇಳಿ, ಪ್ರಮಾಣ ಬದಲಿಸುತ್ತಾರೆ. ಇಲ್ಲದಿದ್ದರೆ ಅಡ್ಡಿಯಿಲ್ಲ, ಕೊಡಿ. ಕೊಡುವಾಗ ‘ಹೋದ ಸಲ ನಾವು ತಪ್ಪು ಮಾಡಿದೆವು’ ಅಂತ ನೇರವಾಗಿ ಹೇಳಿ. ಅತ್ತೆಯವರಿಗೆ ಈ ಪತ್ರ ಓದಿ ಹೇಳಿ, ಕತ್ತಿಗಳು ಮೊದಲಿದ್ದ ಜಾಗಕ್ಕೆ ಬರಲಿ.

ಮಗನನ್ನು ಬೈಯಬೇಡಿ. ಅದು ದೊಡ್ಡವರಿಗಾಗಿ ಮಾಡಿದ ಧಾರಾವಾಹಿ. ಹೆದರಿದ್ದಾನೆ, ಅಷ್ಟೇ. ಕೋಣೆಗೆ ಬಲವಂತವಾಗಿ ಕಳಿಸೋದೂ ಬೇಡ. ಎರಡನೇ ಕೊಯ್ಲಿಗೆ ಎಲ್ಲರೂ ಸುಲಿಯೋಕೆ ಕೂತಾಗ ಅವನನ್ನು ಚಿಕ್ಕಪ್ಪನ ಪಕ್ಕದಲ್ಲೇ ಕೂರಿಸಿ. ಅವನಿಗೆ ಸುಲಿಯೋಕೆ ಬರುತ್ತಾ? ಬರದಿದ್ದರೆ ಚಿಕ್ಕಪ್ಪ ಹೇಳಿಕೊಡಲಿ.